ವೀಸಾ ಬಂದವರಿಗೆ ಸಿಹಿ

ಗುರುವಾರ, 21 ಆಗಸ್ಟ್ 2025

ಲೋಸಾಳ ಮುಖ ಕಣ್ಣಿಂದ ಮರೆಯಾಗುತ್ತಿಲ್ಲ.

ನನ್ನ ಜೊತೆ ಓದುವ ಹುಡುಗಿ, ತುವಾಲು ಎಂಬ ಪುಟ್ಟ ದ್ವೀಪದೇಶದವಳು. ಸಮುದ್ರ ಏರಿ ಅವರ ನೆಲ ಮುಳುಗುತ್ತಿದೆ. ಅಲ್ಲಿಯವರಿಗೆಂದು ಆಸ್ಟ್ರೇಲಿಯಾ ಚೀಟಿ ಎತ್ತಿ ಕೊಡುವ ವೀಸಾ ಅವಳ ತಮ್ಮನಿಗೆ ಬಂತು ಎಂದು ತಿಳಿದ ಕೂಡಲೇ ಸಿಡ್ನಿಯಲ್ಲಿ ನಮ್ಮವರ ಅಂಗಡಿಗಳಿರುವ ಹ್ಯಾರಿಸ್ ಪಾರ್ಕ್‌ಗೆ ಹೋಗಿ ಮೈಸೂರು ಪಾಕ್ ತಂದೆ. ನಮ್ಮಲ್ಲಿ ಯಾರಿಗೆ ಇಲ್ಲೇ ನೆಲೆಸುವ ಪಿಆರ್ ಬಂದರೂ ಹೀಗೇ ಅಲ್ಲವೇ. ಅಂಗಡಿಯವನೂ ನಕ್ಕ: “ಯಾರಿಗೆ ಆಂಟಿ ಪಿಆರ್ ಬಂದಿದ್ದು? ಪಾರ್ಟಿ ಯಾವಾಗ?”

ಲೋಸಾ ಡಬ್ಬಿ ತೆರೆಯಲಿಲ್ಲ. “ಅಪ್ಪನ ಗೋರಿ ಬಿಟ್ಟು ಬರಲ್ಲ ಅಂತಾಳೆ ಅಮ್ಮ. ತಮ್ಮ ಮಾತ್ರ ಮಕ್ಕಳನ್ನ ಕರ್ಕೊಂಡು ಹೊರಟಿದ್ದಾನೆ” ಎಂದಳು. ಆಮೇಲೆ ಮೆಲ್ಲಗೆ, “ಕಲ್ಲಿದ್ದಲು ಅಗೆಯೋದು ನಿಲ್ಲಿಸಿ ಅಂತ ಆಸ್ಟ್ರೇಲಿಯಾನ ಕೇಳಿದ್ವಿ. ವೀಸಾ ಕೊಟ್ರು. ನೀವು ಸ್ವೀಟ್ ತಂದ್ರಿ.”

ಅದೇ ವೀಸಾವನ್ನು ನನ್ನ ಥೀಸಿಸ್‌ನಲ್ಲಿ ನೆರೆದೇಶಗಳ ಸಹಕಾರಕ್ಕೆ ಮಾದರಿ ಎಂದು ಹೊಗಳಿದ್ದೇನೆ. ಇಂಗಾಲ ತಗ್ಗಿಸುವ ಮಾತು ಅಡಿಟಿಪ್ಪಣಿಯಲ್ಲಿದೆ.

ನಾನೂ ಊರು ಬಿಟ್ಟು ಬಂದವಳೇ ಎಂದು ಸಮಾಧಾನ ಹೇಳಹೊರಟು ನಾಲಿಗೆ ಕಚ್ಚಿಕೊಂಡೆ. ಹಾಸನ ಇದ್ದಲ್ಲೇ ಇದೆ. ಡಿಸೆಂಬರ್‌ಗೆ ಟಿಕೆಟ್ ಬುಕ್ ಮಾಡಿದ್ದೇನೆ. ಅವಳ ತಮ್ಮನ ಮಕ್ಕಳು ದೊಡ್ಡವರಾಗಿ, ಒಂದು ರಜೆಯಲ್ಲಿ ಅಜ್ಜಿಯ ಮನೆಗೆ ಹೋಗೋಣ ಎಂದರೆ, ಹೋಗಲು ಆ ನೆಲವೇ ಇರುವುದಿಲ್ಲವೇನೋ.