ಗುರುವಾರ ಬರಬೇಕಿದ್ದ ವಕೀಲ

ಅ. 31, ಶುಕ್ರವಾರ
ಹಾರ್ಟ್‌ವೆಲ್ ಪುರಾಣ, ಏಳನೇ ದಿನ. ಸ್ಥಳ: ಗಲ್ಫಿನ ಮೀನಾ ಸಲ್ಮಾನ್ ಲೇಬರ್ ಕ್ಯಾಂಪ್, ರೂಮ್ ನಾಲ್ಕು. ಹೆಗಲಿಗೆ ಬೆಡ್‌ಶೀಟು, ಮುಖಕ್ಕೆ ಗಾಂಭೀರ್ಯ. ರದ್ದಿಯಲ್ಲಿ ಸಿಕ್ಕಿದ ಇಂಗ್ಲಿಷ್ ಪುಸ್ತಕ. ಕನ್ನಡದಲ್ಲಿ ಪ್ರವಚನ ನನ್ನದು. ಅಮೆರಿಕದ ಬಡಗಿಯ ಮಗ ಹಾರ್ಟ್‌ವೆಲ್. ತಾನೇ ಓದಿ ವಕೀಲನಾದ, ಮೂರು ಸಲ ಶಾಸಕನಾದ. ಇವತ್ತಿನ ಕಥಾಭಾಗ 1852 — ಗಿರಣಿಯಲ್ಲಿ ಕೈ ಕಳೆದುಕೊಂಡವರ ಪರ ಮಸೂದೆ. ಸ್ವಂತ ಪಕ್ಷದವರೇ ಎದ್ದು ಹೋದರು.

ವೆಲ್ಡರ್ ಜೊಕಿಮ್ ಅಂಕಲ್, ಸುಟ್ಟ ಬಲಗೈ ದಿಂಬಿನ ಮೇಲಿಟ್ಟುಕೊಂಡು: "ಬಿಲ್ ಪಾಸಾಯ್ತಾ?"

"ಇಲ್ಲ. ಮುಂದಿನ ಎಲೆಕ್ಷನಲ್ಲಿ ಅವನೂ ಸೋತ."

"ಮತ್ತೆ ಎಂತಕ್ಕೆ ಮಾರಾಯ ಪುಸ್ತಕ?"

ಸಭೆ ವಿಸರ್ಜನೆ.

ನ. 3, ಸೋಮವಾರ
ಕಂಪನಿಯವರು ಅಂಕಲ್‌ಗೆ ಊರಿಗೆ ಟಿಕೆಟ್ ಮಾಡಿದ್ದಾರೆ. ಶನಿವಾರ ಮಂಗಳೂರು. ಮೊದಲು ಒಂದು ಕಾಗದಕ್ಕೆ ಸಹಿ ಬೇಕಂತೆ — ಕೈ ಸುಟ್ಟದ್ದು ತನ್ನದೇ ತಪ್ಪು ಎಂದು. ವೆಲ್ಡಿಂಗಿನ ಗ್ಯಾಸ್ ಹೋಸ್ ಪೈಪು ಸೋರುತ್ತದೆಂದು ಅಂಕಲ್ ಮೂರು ಸಲ ಹೇಳಿದ್ದರು. ಸ್ಟೋರ್ ರಿಜಿಸ್ಟರಿನಲ್ಲಿ ಬರೆದುಕೊಂಡವನು ನಾನೇ.

ಪತ್ರವೊಂದನ್ನು ರಚಿಸಿದೆ. "ಪ್ರಿಯ ಕಕ್ಷಿದಾರರೇ, ಸಹಿ ಹಾಕಬೇಡಿ. ಗುರುವಾರ ಎಂಟಕ್ಕೆ ಗೇಟಿನಲ್ಲಿರಿ. ಲೇಬರ್ ಆಫೀಸಿಗೆ ನಾನೇ ಬಂದು ವಾದಿಸುವೆ. ಇಂತಿ, ಹಾರ್ಟ್‌ವೆಲ್." ದಿಂಬಿನಡಿ ಇಟ್ಟೆ. ರೂಮಿನ ರಕ್ಷಿತ್ ನಕ್ಕು ನಕ್ಕು ಮಂಚದಿಂದ ಬಿದ್ದ.

ಅಂಕಲ್ ಓದಿದರು. ನನ್ನನ್ನು ನೋಡಿದರು. ಮಡಚಿ ಕಿಸೆಗೆ ಹಾಕಿಕೊಂಡರು.

ನ. 6, ಗುರುವಾರ
ಅಂಕಲ್ ಎಂಟಕ್ಕೇ ಗೇಟಿನಲ್ಲಿ. ಇಸ್ತ್ರಿ ಮಾಡಿದ ಶರ್ಟು. ಊರಿನವರ ಕಷ್ಟಕ್ಕೆ ಓಡಾಡುವ ರಾಜೀವಣ್ಣ ಕಾರು ತಂದಿದ್ದರು, ಲೇಬರ್ ಆಫೀಸಿಗೆ ಕರೆದುಕೊಂಡು ಹೋಗಲು.

"ನೀವು ಹೋಗಿ ರಾಜೀವ. ನನ್ನ ವಕೀಲ ಬರ್ತಾನೆ."

ಗೇಟಿಗೆ ಎದುರಿನ ಸ್ಟೋರಿನ ಕಿಟಕಿಯಿಂದ ವಿಡಿಯೋ ತೆಗೆದೆವು. ಒಂಬತ್ತರವರೆಗೆ ನಗು ಬಂತು. ಹತ್ತಕ್ಕೆ ರಕ್ಷಿತ್, "ಹೋಗಿ ಹೇಳಾ, ಸಾಕು" ಅಂದ. ಹೋಗಲಿಲ್ಲ. ಹನ್ನೊಂದಕ್ಕೆ ಕಂಪನಿ ಆಫೀಸಿನವರು ಅವರನ್ನು ಒಳಗೆ ಕರೆದರು. ಆ ಕಾಗದಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರಂತೆ.

ವಿಡಿಯೋ ಡಿಲೀಟ್ ಮಾಡಿದೆ.

ನ. 8, ಶನಿವಾರ, ಸಂಜೆ
ಮುಹರ್ರಕ್. ಏರ್‌ಪೋರ್ಟಿನಲ್ಲಿ ಪೆಟ್ಟಿಗೆ ಎಳೆದವನು ನಾನು. ಹೇಳಿಯೇ ಬಿಟ್ಟೆ — ಪತ್ರ ನಾನು ಬರೆದದ್ದು, ಆ ವಕೀಲ ಸತ್ತು ನೂರು ವರ್ಷ ದಾಟಿತು...

"ಗೊತ್ತುಂಟು ಮಾರಾಯ. ನಿನ್ನ ಅಕ್ಷರ ನನಗೆ ಗೊತ್ತಿಲ್ವಾ?"

ಮತ್ತೆ ಮೂರು ಗಂಟೆ ಯಾರಿಗೆ ಕಾದದ್ದು ಅಂದೆ.

"ನಿನಗೆ. ಹೋಸಿನ ವಿಷಯ ಬರೆದದ್ದು ನೀನಲ್ವಾ? ಬಾಯಿಬಿಟ್ಟು ಹೇಳ್ಲಿಕ್ಕೆ ಹೆದರಿಕೆ, ಹಾಗೆ ಆ ವಕೀಲನ ಹೆಸರು ಹಾಕಿದ್ದಿ, ಸಾಕ್ಷಿ ಹೇಳ್ಲಿಕ್ಕೆ ನೀನೇ ಬರ್ತಿ ಅಂತ ಗ್ರಹಿಸಿದೆ."

ಲೈನ್ ಮುಂದೆ ಸರಿಯಿತು. ಎಡಗೈಯಲ್ಲಿ ಪೆಟ್ಟಿಗೆ ತೆಗೆದುಕೊಂಡರು. ನಾನು ಅಂದೆ, ಅಂಕಲ್, ನಾನು — ಅಷ್ಟರಲ್ಲಿ ಅವರು ಗಾಜಿನ ಬಾಗಿಲು ದಾಟಿಯಾಗಿತ್ತು.