ತ್ರಾಸು ಇಲ್ಲ ಎಂದು ಬರೆದ ಸಾಲಿನ ಪಕ್ಕ

ಹೊಸ ಕೆರೆಹೊಲ
ಎರಡನೆಯ ಬೇಸಿಗೆಯ ಹನ್ನೊಂದನೆಯ ದಿನ, ಮಂಗಳವಾರ, 2139

ಬೆಳಗಿನ ಹೊತ್ತು. ಊರ ಸಮಿತಿಯ ದಾಖಲೆ ಕೋಣೆ. ನಿಮ್ಮ ರಿಜಿಸ್ಟರು ನನ್ನ ಮುಂದೆ ತೆರೆದಿದೆ.

ಮಾನ್ಯ ಬಸಲಿಂಗಮ್ಮನವರಿಗೆ,

ಮೇಲಿನ ತಾರೀಖು ನಿಮಗೆ ವಿಚಿತ್ರವಾಗಿ ಕಾಣಬಹುದು. ನಮ್ಮ ವರ್ಷಕ್ಕೆ ಈಗ ಎರಡು ಬೇಸಿಗೆ. ಮೊದಲನೆಯದು ನಿಮಗೆ ಗೊತ್ತಿರುವುದೇ. ಇನ್ನೊಂದು ದೀಪಾವಳಿ ಮುಗಿದ ಮೇಲೆ ಬಂದು ನಲವತ್ತು ದಿನ ಇರುತ್ತದೆ. ಅದಕ್ಕೆ ನಾವು ಒಗ್ಗಿಕೊಂಡಿದ್ದೇವೆ, ಅದರ ದಿನಗಳನ್ನು ಬೇರೆಯಾಗಿ ಎಣಿಸುತ್ತೇವೆ. ಮುಂದೆ ಇನ್ನೂ ಕೆಲವು ಮಾತುಗಳು ನಿಮಗೆ ಹೊಸದೆನಿಸಿದರೆ ಕ್ಷಮಿಸಬೇಕು. ನಿಮ್ಮ ಕೈಬರಹದ ಕನ್ನಡಕ್ಕೆ ಆದಷ್ಟು ಹತ್ತಿರವಿರುವಂತೆ ಬರೆಯಲು ಪ್ರಯತ್ನಿಸುತ್ತೇನೆ.

ನನ್ನ ಹೆಸರು ಫಕೀರಪ್ಪ. ನೀವು ಮಾಡುತ್ತಿದ್ದ ಕೆಲಸವನ್ನೇ ನೂರ ಹದಿಮೂರು ವರ್ಷದ ನಂತರ ನಾನು ಮಾಡುತ್ತಿದ್ದೇನೆ. ಪ್ರಶ್ನೆಗಳ ಪಟ್ಟಿ ಹಿಡಿದು ಮನೆಮನೆಗೆ ಹೋಗಿ ಆರೋಗ್ಯ ವಿಚಾರಿಸುತ್ತೇನೆ, ಉತ್ತರಗಳನ್ನು ಬರೆದುಕೊಳ್ಳುತ್ತೇನೆ. ಹಳೆಯ ರಿಜಿಸ್ಟರನ್ನು ಯಾರು ಪೂರ್ತಿ ಓದುತ್ತಾರೋ ಅವರು ಅದನ್ನು ಬರೆದವರಿಗೆ ಒಂದು ಪತ್ರ ಬರೆದು ಅದರೊಳಗೇ ಇಟ್ಟು ಮುಚ್ಚಬೇಕು ಎಂಬ ರೂಢಿ ನಮ್ಮಲ್ಲಿದೆ. ಅದಕ್ಕೆ ತಿರುವೋಲೆ ಎನ್ನುತ್ತೇವೆ. ಬಹಳ ಜನ ನಾಲ್ಕು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ.

ಮೊದಲು ಊರಿನ ಸುದ್ದಿ. ನಿಮ್ಮ ಕೆರೆಹೊಲ ಈಗ ನೀರಿನ ಕೆಳಗಿದೆ. ನಾವು ದಿಬ್ಬದ ಮೇಲಿದ್ದೇವೆ. ಬೀದಿಗಳಿಗೆಲ್ಲ ಚಪ್ಪರ ಹಾಕಿದ್ದೇವೆ, ಆ ಚಪ್ಪರವೇ ಬಿಸಿಲಿನಿಂದ ಕರೆಂಟು ಮಾಡುತ್ತದೆ. ಹಗಲು ಯಾರೂ ಬಯಲಿಗೆ ಮುಖ ಕೊಟ್ಟು ಕೂರುವುದಿಲ್ಲ. ಬಿಸಿಲಿಗೆ ಬೆನ್ನು ಹಾಕಿ ಕೂರುವುದು ಇಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಮರ್ಯಾದೆ. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅಡಿಗೆ ಒಲೆಗೆ ಹೊಗೆ ಇಲ್ಲ. ಜೋಳದ ರೊಟ್ಟಿ ಇದೆ, ಬಡಿಯುವ ಸದ್ದೂ ಇದೆ. ಸೂರ್ಯ ಹುಟ್ಟುವ ಹೊತ್ತಿಗೆ ಪ್ರತಿ ಬೀದಿಯ ತುದಿಯಲ್ಲಿ ಮುಖನೀರು ಬಿಡುತ್ತಾರೆ. ಅದು ಮಕ್ಕಳ ಮುಖ ತೊಳೆಯಲೆಂದೇ ತೆಗೆದಿಟ್ಟ ನೀರು. ಎಷ್ಟೇ ಬರವಿದ್ದರೂ ಅದನ್ನು ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಮಕ್ಕಳು ಸಾಲಾಗಿ ನಿಂತು ತಳ್ಳಾಡುತ್ತ, ಕಣ್ಣು ಮುಚ್ಚಿ ಕಿರುಚುತ್ತ ಮುಖ ತೊಳೆದುಕೊಳ್ಳುತ್ತಾರೆ. ನಾನು ಇದನ್ನು ಬರೆಯುತ್ತಿರುವಾಗ ಆ ಗಲಾಟೆ ಕಿಟಕಿಯಿಂದ ಕೇಳಿಸುತ್ತಿದೆ. ನಿಮ್ಮ ರಿಜಿಸ್ಟರಿನ ಕೊನೆಯ ಪುಟದಲ್ಲಿ "ಮಕ್ಕಳ ಮುಖಕ್ಕೆ ನೀರು ಸಾಲುತ್ತಿಲ್ಲ, ನೊಣ ಬಹಳ" ಎಂದು ಬರೆದಿದ್ದೀರಿ. ಈಗ ಸಾಲುತ್ತಿದೆ. ಆ ನೊಣ ಹರಡುತ್ತಿದ್ದ ಕಣ್ಣಿನ ಸೋಂಕು, ಟ್ರಕೋಮಾ, ನಮ್ಮ ಮಕ್ಕಳಲ್ಲಿ ಇಲ್ಲ.

ವಯಸ್ಸಾದವರಲ್ಲಿ ಅದರ ಕಲೆ ಉಳಿದವರು ಒಬ್ಬರಿದ್ದಾರೆ. ನನ್ನ ದೊಡ್ಡವ್ವ ದ್ಯಾಮವ್ವ. ಎಂಬತ್ತನಾಲ್ಕು ವರ್ಷ. ಊರು ಮುಳುಗಿದಾಗ ಆಕೆ ಚಿಕ್ಕ ಹುಡುಗಿ. ಆರು ವರ್ಷ ಡೇರೆಗಳಲ್ಲಿ ಕಳೆದರು. ಟ್ಯಾಂಕರಿನ ನೀರು ಕುಡಿಯಲಿಕ್ಕೇ ಸಾಲುತ್ತಿರಲಿಲ್ಲ, ಎಲ್ಲ ಮಕ್ಕಳ ಮುಖವನ್ನೂ ಒಂದೇ ಸೆರಗಿನಲ್ಲಿ ಒರೆಸುತ್ತಿದ್ದರು. ಆಗ ಮತ್ತೆ ಮತ್ತೆ ಬಂದ ಸೋಂಕು ರೆಪ್ಪೆಯ ಒಳಗೆ ಕಲೆ ಬಿಟ್ಟು ಹೋಯಿತು. ಮೂವತ್ತು ವರ್ಷ ಕಳೆದ ಮೇಲೆ ಆ ಕಲೆ ರೆಪ್ಪೆಯನ್ನು ಒಳಕ್ಕೆ ಸೆಳೆಯಿತು. ಅಂದಿನಿಂದ ರೆಪ್ಪೆಗೂದಲು ಕಣ್ಣಿನ ಗುಡ್ಡೆಯನ್ನು ಗೀರುತ್ತ ಬಂದಿವೆ.

ಪ್ರತಿ ಸೋಮವಾರ ನಾನು ಆಕೆಯ ಮನೆಗೆ ಹೋಗಿ ಆ ಕೂದಲನ್ನು ಚಿಮಟಾದಿಂದ ಕಿತ್ತುಕೊಡುತ್ತೇನೆ. ಹಿತ್ತಾಳೆಯ ಚಿಮಟಾ, ಆಕೆಯ ಮುತ್ತಜ್ಜಿಯದು. ಆಕೆ ಗೋಡೆಗೆ ಒರಗಿ ಕೂರುತ್ತಾಳೆ, ನಾನು ಎಡಗೈಯಲ್ಲಿ ಗದ್ದ ಹಿಡಿದುಕೊಳ್ಳುತ್ತೇನೆ. ನನಗಿಂತ ಮೊದಲು ನನ್ನ ಅವ್ವ ಮಾಡುತ್ತಿದ್ದಳು. ಕಿತ್ತ ಕೂದಲು ಮತ್ತೆ ಬೆಳೆಯುತ್ತದೆ, ಮೊದಲಿಗಿಂತ ಮೊಂಡಾಗಿ. ಇಷ್ಟು ಹತ್ತಿರದಿಂದ ನೋಡಿಯೂ ನಾನು ಏಳು ವರ್ಷ ಒಂದು ತಪ್ಪು ಮಾಡಿದೆ.

ನಮ್ಮ ಕಡೆ ಕಣ್ಣುಬಂಡಿ ಎಂಬ ಗಾಡಿ ಬರುತ್ತದೆ. ಅದರೊಳಗೇ ಆಪರೇಷನ್ ಕೋಣೆ ಇದೆ. ಅದು ನಿಲ್ಲಬೇಕಾದ ಊರು ಬಹಳ, ಆದ್ದರಿಂದ ಯಾರನ್ನು ಮೊದಲು ಹತ್ತಿಸಬೇಕೆಂದು ಬಾಳಂಕ ನೋಡಿ ತೀರ್ಮಾನಿಸುತ್ತಾರೆ. ರೋಗದಿಂದ ಒಬ್ಬರ ಬದುಕು ಎಷ್ಟು ಕುಂದಿದೆ ಎಂದು ಹೇಳುವ ಸಂಖ್ಯೆ ಅದು. ನಾನು ಕೇಳಿ ಬರೆದುಕೊಂಡ ಉತ್ತರಗಳಿಂದ ಅದು ಹುಟ್ಟುತ್ತದೆ. ಕಳೆದ ತಿಂಗಳು ಕಣ್ಣಿನಿಂದಾಗಿ ಯಾವ ಕೆಲಸಕ್ಕೆ ತ್ರಾಸಾಯಿತು ಎಂದು ನಾನು ವರ್ಷಕ್ಕೊಮ್ಮೆ ದೊಡ್ಡವ್ವನನ್ನು ಕೇಳುತ್ತಿದ್ದೆ. ಆಕೆ ಪ್ರತಿ ಸಲ ಒಂದೇ ಉತ್ತರ ಕೊಡುತ್ತಿದ್ದಳು: "ನಂಗೇನೂ ತ್ರಾಸಿಲ್ಲಪ್ಪ. ಬರಕೋ." ನಾನು ಬರೆದುಕೊಂಡೆ. ಬೆಳಕಿಗೆ ಬೆನ್ನು ಹಾಕಿ ಕೂರುತ್ತಾಳೆ ಎಂಬುದು ನನಗೆ ಕಾಣಿಸುತ್ತಿತ್ತು. ಆದರೆ ಇಲ್ಲಿ ಎಲ್ಲರೂ ಹಾಗೆಯೇ ಕೂರುತ್ತಾರೆ. ಮದುವೆಗೆ ಬರುವುದಿಲ್ಲ, ಮಾತಾಡಿಸಿದರೆ ತಲೆ ಎತ್ತುವುದಿಲ್ಲ. ಸೊಕ್ಕಿನಾಕಿ ಎಂದು ಓಣಿಯವರು ಅನ್ನುತ್ತಿದ್ದರು. ನಾನೂ ಅದನ್ನು ಸ್ವಭಾವ ಎಂದುಕೊಂಡಿದ್ದೆ. ಏಳು ವರ್ಷ ಆಕೆಯ ಹೆಸರು ಪಟ್ಟಿಯ ಕೆಳಗೇ ಉಳಿಯಿತು. ಐದನೆಯ ವರ್ಷ ಬಲಗಣ್ಣು ಹೋಯಿತು. ಆಗ ಕೂಡ ಆಕೆ ಅದೇ ಮಾತು ಹೇಳಿದಳು, ನಾನು ಅದೇ ಮಾತು ಬರೆದೆ.

ಕಳೆದ ತಿಂಗಳು ನಿಮ್ಮ ರಿಜಿಸ್ಟರು ನನ್ನ ಕೈಗೆ ಬಂತು. ಅರವತ್ತೆರಡನೆಯ ಪುಟದಲ್ಲಿ ಕಲ್ಲವ್ವ ಎಂಬ ಹೆಸರು, ವಯಸ್ಸು ಐವತ್ತೊಂದು. ಚಿಮಟಾ ಆಕೆಯದೇ. ದೊಡ್ಡವ್ವನ ಮುತ್ತಜ್ಜಿ. "ಎರಡೂ ಕಣ್ಣಿನ ರೆಪ್ಪೆಗೂದಲು ಒಳಕ್ಕೆ ತಿರುಗಿವೆ. ತ್ರಾಸು: ಇಲ್ಲ." ನನ್ನ ಅಕ್ಷರದಲ್ಲಿ ನಾನು ಬರೆದದ್ದನ್ನೇ ಓದಿದಂತಾಯಿತು. ಆದರೆ ನೀವು ಅಲ್ಲಿಗೆ ನಿಲ್ಲಿಸಿಲ್ಲ. ಅಂಚಿನಲ್ಲಿ, ಯಾವ ಕಾಲಮ್ಮಿಗೂ ಸೇರದ ಜಾಗದಲ್ಲಿ, ಪೆನ್ಸಿಲಿನಿಂದ ಹೀಗೆ ಬರೆದಿದ್ದೀರಿ: "ಕೌದಿ ಹೊಲಿಯುವುದು ಬಿಟ್ಟಿದ್ದಾಳೆ. ಯಾಕೆ ಎಂದು ಕೇಳಿದರೆ ನಗುತ್ತಾಳೆ."

ನಿಮ್ಮನ್ನು ಯಾರೂ ಅದನ್ನು ಬರೆಯಲು ಹೇಳಿರಲಿಕ್ಕಿಲ್ಲ. ಬರೆದಿದ್ದಕ್ಕೆ ನಿಮ್ಮ ಮೇಲಿನವರು ಗದರಿಸಿದರೋ ಏನೋ ನನಗೆ ತಿಳಿಯದು.

ಮರುದಿನ ಸೋಮವಾರ. ಚಿಮಟಾ ತೆಗೆಯುವ ಮೊದಲು ನಾನು ದೊಡ್ಡವ್ವನನ್ನು ಬೇರೆ ರೀತಿ ಕೇಳಿದೆ. ಕಣ್ಣು ಹೀಗಾದ ಮೇಲೆ ಏನೇನು ಬಿಟ್ಟಿ ಎಂದೆ.

ಆಕೆ ಚಾಪೆಯನ್ನು ನನ್ನ ಕಡೆ ಸರಿಸಿದಳು. "ಬಿಟ್ಟಿದ್ದು ಕೇಳ್ತಿಯೇನು? ಹಂಗಾದ್ರ ಸರಿಯಾಗಿ ಕುಂದ್ರು. ಹೊತ್ತು ಹತ್ತತೈತಿ."

ಹೊತ್ತು ಹತ್ತಿತು. ನಲವತ್ತನೆಯ ವರ್ಷಕ್ಕೆ ಕೌದಿ ಬಿಟ್ಟಿದ್ದಾಳೆ. ಅದಕ್ಕೆ ಮುಂಚೆ ಆಕೆಯ ಕೌದಿಗಾಗಿ ಜನ ಬೇರೆ ಊರಿನಿಂದ ಹಳೆಯ ಬಟ್ಟೆ ಕಟ್ಟಿಕೊಂಡು ಬರುತ್ತಿದ್ದರಂತೆ. ನನಗೆ ಇದು ಗೊತ್ತೇ ಇರಲಿಲ್ಲ. ಕಾಳು ಹಸನು ಮಾಡುವುದು ಬಿಟ್ಟಳು. ಗಾಳಿ ಬೀಸುವ ದಿನ ಹೊರಗೆ ಹೋಗುವುದು ಬಿಟ್ಟಳು. ಮದುವೆ ಬಿಟ್ಟಿದ್ದು ಯಾಕೆಂದರೆ, ಕಣ್ಣಿನಿಂದ ಸುರಿಯುವ ನೀರು ನೋಡಿ ಹೆಣ್ಣಿನ ಕಡೆಯವರು ಶುಭಕಾರ್ಯದಲ್ಲಿ ಅಳುತ್ತಾಳೆ ಎಂದರಂತೆ. ಅಂಗಳದಲ್ಲಿ ಮಲಗಿ ಚುಕ್ಕಿ ನೋಡುವುದನ್ನು ಬಿಟ್ಟಳು. "ನಿನ್ನ ಮಾರಿ ನೋಡೂದನ್ನೂ ಬಿಟ್ಟೀನಿ ಫಕೀರಾ," ಎಂದಳು. "ಅದೇನು ದೊಡ್ಡ ಲುಕ್ಸಾನಲ್ಲ ಬಿಡು."

ಮತ್ತೆ ತ್ರಾಸಿಲ್ಲ ಎಂದು ಯಾಕೆ ಹೇಳುತ್ತಿದ್ದಿ ಎಂದು ಕೇಳಿದೆ.

"ಮಾಡೂದೇ ಬಿಟ್ಟ ಮ್ಯಾಲೆ ತ್ರಾಸೆಲ್ಲಿಂದ ಬಂತೋ? ನೀ ಕೇಳಿದ್ದು ತ್ರಾಸು. ನಾ ಹೇಳಿದ್ದು ಖರೇನ ಐತಿ."

ಖರೆಯೇ ಇತ್ತು. ಆ ದಿನವೇ ಉತ್ತರಗಳನ್ನು ತಿದ್ದಿ, ಕಣ್ಣಿನ ಚಿತ್ರವನ್ನೂ ಸೇರಿಸಿ ಕಳಿಸಿದೆ. ಏಳು ವರ್ಷದ ತಪ್ಪನ್ನೂ ನನ್ನ ಹೆಸರು ಹಾಕಿ ಬರೆದೆ. ನಾಲ್ಕನೆಯ ದಿನ ಕಣ್ಣುಬಂಡಿಯ ಡಾಕ್ಟರ್ ನಸೀಮಾ ಅವರಿಂದ ಉತ್ತರ ಬಂತು. ಪಟ್ಟಿಯಲ್ಲಿ ದೊಡ್ಡವ್ವ ಮೊದಲನೆಯವಳು. ಎಡಗಣ್ಣಿನ ಮಸುಕು ಇನ್ನೂ ಅಂಚಿನಲ್ಲಿದೆ, ನಡುವಿಗೆ ಬಂದಿಲ್ಲ. ರೆಪ್ಪೆಯನ್ನು ಹೊರಕ್ಕೆ ತಿರುಗಿಸಿ ಹೊಲಿದರೆ ಗೀರುವುದು ನಿಲ್ಲುತ್ತದೆ, ಇರುವ ದೃಷ್ಟಿ ಉಳಿಯುತ್ತದೆ. ಬಂಡಿ ಇನ್ನೆರಡು ವಾರಕ್ಕೆ, ಗುರುವಾರ ಬರುತ್ತದೆ. ಅದು ತಪ್ಪಿದರೆ ಮುಂದಿನದು ಮಳೆಗಾಲದ ನಂತರವೇ, ಅಷ್ಟು ಕಾಯುವ ಹಾಗಿಲ್ಲ. ಯಾವ ಕೂದಲು ಒಳಗಿದೆ ಎಂದು ಕಾಣಬೇಕು, ಆದ್ದರಿಂದ ಬಂಡಿ ಬರುವ ವಾರ ಕೀಳಬೇಡಿ ಎಂದೂ ಬರೆದಿದ್ದರು.

ದೊಡ್ಡವ್ವ ಒಪ್ಪಲಿಲ್ಲ. ನೋವಿಗೆ ಹೆದರಿದಳು ಎಂದುಕೊಂಡೆ. ವಯಸ್ಸಾಯಿತು, ಇನ್ನೇನು ನೋಡಬೇಕಾಗಿದೆ ಎಂದಳು. ಹತ್ತು ದಿನ ಅದೇ ಮಾತು. ನಾನು ಒತ್ತಾಯಿಸಲಿಲ್ಲ, ಕಣ್ಣು ಆಕೆಯದು.

ನಿನ್ನೆ ಸೋಮವಾರ. ಕೀಳುವಂತಿಲ್ಲವಾದರೂ ರೂಢಿಯ ಹೊತ್ತಿಗೆ ಹೋದೆ. ಆಕೆ ಗೋಡೆಗೆ ಒರಗಿ ಕೂತಿದ್ದಳು, ಕಣ್ಣಿನಿಂದ ನೀರು ಸುರಿಯುತ್ತಿತ್ತು. ಚಿಮಟಾ ತಂದಿಲ್ಲ ಎಂದೆ. "ಮತ್ಯಾಕ ಬಂದಿ?" ಎಂದಳು. ಸುಮ್ಮನೆ ಬಂದೆ ಎಂದೆ. ಕೈಗೆ ಬೇರೆ ಕೆಲಸ ತಿಳಿಯದೆ ಎಂದಿನಂತೆ ಗದ್ದ ಹಿಡಿದು, ಒದ್ದೆ ಬಟ್ಟೆಯಿಂದ ಕೆನ್ನೆ ಒರೆಸಿದೆ. ಆಮೇಲೆ ಅಲ್ಲೇ ಕೂತೆ. ಬಹಳ ಹೊತ್ತಾದ ಮೇಲೆ ಆಕೆ ಕೇಳಿದಳು: "ಆಪರೇಷನ್ ಆದ ಮ್ಯಾಲೂ ಬರ್ತೀಯೇನು?"

ಆಕೆ ಹೆದರಿದ್ದು ನೋವಿಗಲ್ಲ ಎಂದು ನನಗೆ ಆಗ ಅರ್ಥವಾಯಿತು. ನನ್ನ ಪಟ್ಟಿಯಲ್ಲಿ ಅದಕ್ಕೂ ಪ್ರಶ್ನೆ ಇರಲಿಲ್ಲ. ಬರುತ್ತೇನೆ ಎಂದೆ.

"ಸೋಮವಾರ ತಪ್ಪಸಬ್ಯಾಡ," ಎಂದಳು. "ಬಂಡಿ ಗುರುವಾರ ಎಷ್ಟೊತ್ತಿಗೆ ಬರ್ತೈತಿ?"

ಇದಿಷ್ಟನ್ನು ನಿಮಗೆ ತಿಳಿಸಬೇಕಿತ್ತು. ನಿಮ್ಮಿಂದ ಕೇಳಿಕೊಳ್ಳುವುದು ಒಂದೇ. ಈ ಪತ್ರ ನಿಮ್ಮನ್ನು ಮುಟ್ಟಲಾರದೆಂದು ಬಲ್ಲೆ, ಆದರೂ ಕೇಳುತ್ತೇನೆ. ನಿಮ್ಮ ಬಳಿ ಇನ್ನೂ ಖಾಲಿ ಪುಟಗಳಿದ್ದರೆ ಅಂಚಿನಲ್ಲಿ ಬರೆಯುವುದನ್ನು ನಿಲ್ಲಿಸಬೇಡಿ. ಕಲ್ಲವ್ವನ ಕಣ್ಣು ಮುಂದೆ ಏನಾಯಿತೆಂದು ರಿಜಿಸ್ಟರಿನಲ್ಲಿಲ್ಲ. ಸಮಯವಿದ್ದರೆ ಒಮ್ಮೆ ಆಕೆಯ ಮನೆಗೆ ಹೋಗಿ ಬನ್ನಿ.

ಇವತ್ತು ಮಂಗಳವಾರ. ಗುರುವಾರ ಬೆಳಿಗ್ಗೆ ದ್ಯಾಮವ್ವ ಕಣ್ಣುಬಂಡಿ ಹತ್ತುತ್ತಾಳೆ. ಮುಂದಿನ ತಿಂಗಳಿನಿಂದ ಪ್ರತಿ ಮನೆಯಲ್ಲೂ ಏನು ಬಿಟ್ಟಿರಿ ಎಂದು ಮೊದಲು ಕೇಳುವುದೆಂದು ನಾನು ನಿಶ್ಚಯಿಸಿದ್ದೇನೆ, ಸಮಿತಿಗೆ ಇನ್ನೂ ತಿಳಿಸಿಲ್ಲ. ದೊಡ್ಡವ್ವ ಹೇಳಿದಂತೆ ಅಂಗಡಿಯಿಂದ ಕೌದಿ ಹೊಲಿಯುವ ದಪ್ಪ ಸೂಜಿ ಮತ್ತು ಕೆಂಪು ದಾರ ತಂದು ಆಕೆಯ ಗೂಡಿನಲ್ಲಿಟ್ಟಿದ್ದೇನೆ. ದಾರ ಪೋಣಿಸಿಡಲೇ ಎಂದು ಕೇಳಿದ್ದಕ್ಕೆ ಬೇಡ ಎಂದಳು. ಅದನ್ನು ತಾನೇ ಪೋಣಿಸುತ್ತಾಳಂತೆ.

ಇತಿ ನಿಮ್ಮದೇ ಕೆಲಸ ಮಾಡುವ,
ಫಕೀರಪ್ಪ