ಕರಿ ಚೆಂಡಿಗೆ ತಾಗಿದ ತೋಳು

ಅಕ್ಕಾ, ಕೋಲು ಹಿಡಿದ ತಮ್ಮನ ದೀರ್ಘದಂಡ ನಮಸ್ಕಾರ.

ಹದಿನಾಲ್ಕು ದೇಶಗಳ ಮುದುಕರ ಹವ್ಯಾಸಿ ಸ್ನೂಕರ್ ಪಂದ್ಯಾವಳಿಯಲ್ಲಿ ನಿನ್ನೆ ನನ್ನ ಸೆಮಿಫೈನಲ್. ಮೇಜಿನ ಮೇಲೆ ಬೀಳಿಸಲು ಉಳಿದಿದ್ದು ಕರಿ ಚೆಂಡೊಂದೇ, ಅದನ್ನು ಕುಳಿಗೆ ಬೀಳಿಸಿದರೆ ನಾನು ಫೈನಲ್‌ಗೆ. ಬಗ್ಗಿದಾಗ ಅಂಗಿಯ ತೋಳು ಅದಕ್ಕೆ ತಾಗಿಬಿಟ್ಟಿತು. ಯಾರೂ ನೋಡಲಿಲ್ಲ. ಈ ಆಟದಲ್ಲಿ ಚೆಂಡಿಗೆ ಬಟ್ಟೆ ತಾಗಿದರೂ ತಪ್ಪೇ, ತಪ್ಪು ಮಾಡಿದವನೇ ಒಪ್ಪಿಕೊಳ್ಳುವುದು ಪದ್ಧತಿ. ಒಪ್ಪಿಕೊಂಡೆ. ಮೊನ್ನೆ ರೆಫರಿಯ ಬಿಳಿ ಕೈಗವಸು ಬಚ್ಚಿಟ್ಟವನು ನಾನೇ ಆದ್ದರಿಂದ ಅವನು ನಂಬಲಿಲ್ಲ.

“ಅಜ್ಜಾ, ಮತ್ತೆ ತಮಾಷೆನಾ?”

“ಇದೊಂದು ಸಲ ಅಲ್ಲಪ್ಪ,” ಅಂದೆ.

ಕರಿ ಚೆಂಡೊಂದೇ ಉಳಿದಾಗ ತಪ್ಪಾದರೆ ಆಟ ಅಲ್ಲಿಗೇ ಮುಗಿಯಿತು, ಸೋತೆ. ಸೊಂಟ ಪರವಾಗಿಲ್ಲ, ಬಗ್ಗಿದವನನ್ನು ಎದುರಾಳಿಯೇ ಕೈ ಹಿಡಿದು ಎಬ್ಬಿಸುತ್ತಾನೆ.

ನೀನಂತೂ ಇದನ್ನು ನಂಬುವವಳಲ್ಲ. ಅದಕ್ಕೇ ಕೆಳಗೆ ರೆಫರಿಯ ಸಹಿ ಹಾಕಿಸಿದ್ದೇನೆ. ಸಹಿ ಅವನದೇ, ನಿನ್ನಾಣೆ.

ಆತುರದಲ್ಲಿ,
ತಮ್ಮ